ಎಲ್ಲ ಕೋಣೆಯಲ್ಲೂ ಒಂದೇ ವಾಸನೆ

ವಾಸನೆ ಮೊದಲು ಹಿಡಿದವರು ಮೂರನೇ ಹಾಸಿಗೆಯ ಮೇಷ್ಟ್ರು. "ಯಾರಮ್ಮ ಅದು, ಒಲೆ ಮೇಲೆ ಚಪ್ಪಲಿ ಬೇಯಿಸ್ತಿರೋದು?" ಎಂದರು. ನರ್ಸ್ ನಕ್ಕಳು. ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬರಲಿಲ್ಲ. ವೈರು ಸುಡುವ ವಾಸನೆ ಇಪ್ಪತ್ತು ವರ್ಷದಿಂದ ನನಗೆ ಗೊತ್ತು.

ಅದು ಡಯಾಲಿಸಿಸ್ ಕೋಣೆ. ಎಂಟು ಜನ ಎಂಟು ಯಂತ್ರಗಳಿಗೆ ಕೊಳವೆ ಕಟ್ಟಿಸಿಕೊಂಡು ಮಲಗಿದ್ದರು. ಏಳಿ, ಓಡಿ ಎಂದರೆ ಓಡುವ ಸ್ಥಿತಿಯವರಲ್ಲ. ಒಬ್ಬೊಬ್ಬರನ್ನು ಬಿಡಿಸಲು ಎರಡು ಮೂರು ನಿಮಿಷವಾದರೂ ಬೇಕು.

ಪಕ್ಕದ ಕೋಣೆಗೆ ಓಡಿದೆ. ಅಲ್ಲೂ ಅದೇ ವಾಸನೆ. ಹೊರಗೆ ಚೀಟಿ ಕೊಡುವ ಕೌಂಟರಿನ ಬಳಿಯೂ ಅದೇ. ಈ ಕಟ್ಟಡದಲ್ಲಿ ಏಸಿಗೆ ಗಾಳಿ ವಾಪಸ್ ಹೋಗಲು ಬೇರೆ ಕೊಳವೆಯಿಲ್ಲ; ಫಾಲ್ಸ್ ಸೀಲಿಂಗಿನ ಮೇಲಿನ ಟೊಳ್ಳೇ ಅದರ ದಾರಿ. ಅಲ್ಲಿ ಒಂದು ಮೂಲೆಯಲ್ಲಿ ಹೊಗೆಯೆದ್ದರೂ ಯಂತ್ರ ಅದನ್ನೆಳೆದು ಎಲ್ಲ ಕೋಣೆಗೂ ಹಂಚಿಬಿಡುತ್ತದೆ. ಅದಕ್ಕೇ ಅಲ್ಲಿ ಸಾದಾ ವೈರು ಬಿಡುವಂತಿಲ್ಲ. ಸುಟ್ಟರೂ ಹೆಚ್ಚು ಹೊಗೆ ಕಕ್ಕದ ಕೇಬಲ್ ಹಾಕಬೇಕು, ಇಲ್ಲವೇ ಕಬ್ಬಿಣದ ಪೈಪಿನೊಳಗೆ ಎಳೆಯಬೇಕು.

"ಅಣ್ಣಾ, ಏಸಿ ಬ್ಲೋವರ್ ಆಫ್ ಮಾಡು!"

ಕೆಲಸದ ಗುತ್ತಿಗೆ ಅಣ್ಣನದು, ಲೈಸೆನ್ಸೂ ಅವನದೇ. ಸ್ವಿಚ್ಚುಗಳ ಪ್ಯಾನೆಲಿಗೆ ಅಡ್ಡ ನಿಂತ. "ತಲೆ ಕೆಟ್ಟಿದೆಯೇನೇ? ಆಸ್ಪತ್ರೆ ಮೇಲ್ವಿಚಾರಕ ಇಲ್ಲೇ ಓಡಾಡ್ತಿದಾನೆ. ಗಾಳಿ ಓಡ್ತಿದ್ರೆ ವಾಸನೆ ತಾನಾಗೇ ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ? ಸುತ್ತಿ ಸುತ್ತಿ ಆ ಎಂಟು ಜನರ ಮೂಗಿಗೇ ಬರುತ್ತೆ. ಸರಿ ಆ ಕಡೆ."

ಅವನನ್ನು ತಳ್ಳಿ ನಾನೇ ಆರಿಸಿದೆ. ಗಾಳಿ ನಿಂತರೆ ಹೊಗೆ ಹುಟ್ಟಿದಲ್ಲೇ ಉಳಿಯುತ್ತದೆ. ಮೂಗೆತ್ತಿಕೊಂಡು ಒಂದೊಂದೇ ಹೆಜ್ಜೆ ನಡೆದೆ. ಕೌಂಟರಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಗಂಟಲು ಕೆರೆಯಿತು. ಏಣಿ ಹತ್ತಿ ಸೀಲಿಂಗಿನ ಶೀಟು ಎತ್ತಿದರೆ ಕರಿ ಟೇಪು ಸುತ್ತಿದ ಒಂದು ವೈರಿನ ಜಾಯಿಂಟ್, ಕರಗಿ ಜಿನುಗುತ್ತಿತ್ತು.

"ಕೌಂಟರಿನ ಬ್ರೇಕರ್ ಇಳಿಸು!"

ಈ ಸಲ ಅಣ್ಣ ಮರುಮಾತಾಡದೆ ಇಳಿಸಿದ. ಹೊಗೆ ಎಳೆಯೆಳೆಯಾಗಿ ಸಣ್ಣಗಾಯಿತು.

ಜಾಯಿಂಟ್ ನನ್ನದೇ. ಪೈಪಿನ ಕೆಲಸ ಮುಗಿಯುವ ತನಕ ಇರಲಿ ಎಂದು ಮಂಗಳವಾರ ಸಾದಾ ವೈರು ಎಳೆದಿದ್ದೆ. ಮರುದಿನ ತೆಗೆಯುವವಳಿದ್ದೆ. ಅಷ್ಟರಲ್ಲಿ ಶಾಲೆಯಿಂದ ಫೋನ್ ಬಂತು: ಮಗಳಿಗೆ ಜ್ವರ. ಎರಡು ದಿನ ಅವಳ ಹಣೆಯ ಬಟ್ಟೆ ಬದಲಿಸುತ್ತ ಕೂತೆ. ನಾನು ತೆಗೆದಿದ್ದೇನೆ ಎಂದುಕೊಂಡು ಅಣ್ಣ ಶೀಟು ಮುಚ್ಚಿಸಿದ್ದ.

ಮೇಲ್ವಿಚಾರಕ ಬಂದು ಕತ್ತೆತ್ತಿ ನೋಡಿದ. "ಯಾರದ್ರೀ ಇದು?"

"ಹಿಂದಿನವರು ಬಿಟ್ಟೋಗಿರೋ ಹಳೇ ವೈರು ಸಾರ್," ಎಂದ ಅಣ್ಣ. ಬೆಣ್ಣೆಯಂಥ ಮಾತು. "ಪುಣ್ಯಕ್ಕೆ ನಮ್ಮ ಕಣ್ಣಿಗೆ ಬಿತ್ತು."

"ಹಾಗಾದ್ರೆ ಕತ್ತರಿಸಿ ಬಿಸಾಕಿ. ಏಸಿ ಹಾಕಿ, ಒಳಗೆ ಸೆಕೆ."

ಅಣ್ಣ ಕಣ್ಣಲ್ಲೇ ನನ್ನ ಬಾಯಿಗೆ ಬೀಗ ಹಾಕಿದ. ಕತ್ತರಿಸಲು ನಾನೂ ಇಕ್ಕಳ ತೆಗೆದೆ. ಮಂಗಳವಾರ ಎಳೆದದ್ದು ಒಂದಲ್ಲ, ಎರಡು ಎಂದು ನೆನಪಾದದ್ದು ಆಗಲೇ.

"ಏಸಿ ಹಾಕಬೇಡಿ ಸಾರ್. ವೈರು ನಂದು. ಇಂಥದ್ದೇ ಇನ್ನೊಂದಿದೆ, ಮೇಷ್ಟ್ರ ತಲೆ ಮೇಲೆ. ನೀರಿನ ಪಂಪು ಓಡ್ತಿರೋದು ಅದರಲ್ಲೇ."

ಪಂಪು ನಿಲ್ಲಿಸಿದರೆ ಯಂತ್ರಗಳಿಗೆ ಶುದ್ಧ ನೀರಿಲ್ಲ; ಅದಕ್ಕೆ ಮೊದಲು ಎಂಟೂ ಜನರನ್ನು ಬಿಡಿಸಬೇಕು. ನರ್ಸ್ ಆಗಲೇ ಕೈಗವಸು ಹಾಕುತ್ತಿದ್ದಳು. "ಎಷ್ಟು ಹೊತ್ತಿದೆ ಅಕ್ಕಾ?"

"ಗೊತ್ತಿಲ್ಲ. ಮೇಷ್ಟ್ರಿಂದ ಶುರು ಮಾಡು."

ಮೇಲ್ವಿಚಾರಕ ಪಂಪಿನ ಬ್ರೇಕರ್ ಮೇಲೆ ಕೈಯಿಟ್ಟು ನಿಂತ. ಅಣ್ಣ ಬೆಂಕಿ ಆರಿಸುವ ಸಿಲಿಂಡರ್ ತಂದ. ಮೇಷ್ಟ್ರನ್ನು ಸಾಗಿಸಿದ ಮೇಲೆ ಅಲ್ಲೇ ಏಣಿ ಹಾಕಿ ಶೀಟು ಸರಿಸಿದೆ. ಈ ಜಾಯಿಂಟ್ ಇನ್ನೂ ಕರಗಿರಲಿಲ್ಲ, ಆದರೆ ಟೇಪು ಉಬ್ಬಿತ್ತು. ಕೈಯ ಹಿಂಬದಿಯನ್ನು ಹತ್ತಿರ ಹಿಡಿದೆ. ಬಿಸಿ.

ಇಬ್ಬರು ಹೋದರು. ನಾಲ್ವರು. ಐದನೆಯ ಅಜ್ಜಿಗೆ ತಲೆ ಸುತ್ತಿತು. ನರ್ಸ್ ಅವರ ಕಾಲೆತ್ತಿ ಹಿಡಿದಳು. ಟೇಪಿನ ಅಂಚಿನಿಂದ ಕೂದಲೆಳೆಯಷ್ಟು ಹೊಗೆ ಹೊರಟಿತು.

"ಇಳಿಸ್ಲಾ?" ಮೇಲ್ವಿಚಾರಕ ಕೂಗಿದ.

"ಇನ್ನೂ ಮೂವರು!" ಎಂದಳು ನರ್ಸ್.

ಅಣ್ಣ ಸಿಲಿಂಡರಿನ ಪಿನ್ನು ಕಿತ್ತು ಮೇಲೆ ಹಿಡಿದ. ಕಾದೆವು.

ಎಂಟನೆಯವರ ಕೊಳವೆ ಬಿಟ್ಟಿತು. "ಇಳಿಸಿ!" ಪಂಪಿನ ಸದ್ದು ನಿಂತಿತು. ವೈರು ಕತ್ತರಿಸಿ ಕೆಳಗೆಸೆದೆ.

ಇಳಿದು ಬಂದಾಗ ಅಣ್ಣ ನನ್ನ ಮುಖ ನೋಡಲಿಲ್ಲ. "ಉಳಿದ ಶೀಟೆಲ್ಲ ಬಿಚ್ಚು," ಎಂದ.

"ಎರಡೇ ಕಣೋ, ಆಣೆಗೂ."

"ಬಿಚ್ಚು ಅಂದ್ನಲ್ಲ."

ಏಣಿ ಎತ್ತಿ ಮುಂದಿನ ಶೀಟಿನ ಕೆಳಗಿಟ್ಟೆ.