ಅಂಟಿನೊಳಗಿನ ನೀಲಿ

"ಇದಕ್ಕೆ ಅಂಟು ಕಾಸಿದ ಪುಣ್ಯಾತ್ಮರು ಯಾರಪ್ಪಾ?"

ಯಜಮಾನರು ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ದಪ್ಪ ಪುಸ್ತಕದ ಬೆನ್ನು ನೋಡುತ್ತ ಗೋಡೆಯೊಡನೆ ಆಡಿದಂತೆ ಆಡಿದರು. ಪುಸ್ತಕವನ್ನು ಮೇಜಿಗೆ ಒಮ್ಮೆ ಕುಟ್ಟಿದ್ದೇ ತಡ, ಕಾಗದದ ಹೊಟ್ಟು ಬೊಗಸೆಯಷ್ಟು ಉದುರಿತು. ಅದರೊಳಗೆ ಒಂದು ಬಿಳಿಯ ಹುಳ ಮೈ ಮುದುಡಿಕೊಂಡಿತ್ತು. ಗ್ರಂಥಾಲಯದವರು ಎರಡು ವರ್ಷದಿಂದ ಈಚೆಗೆ ಹೊಸದಾಗಿ ಬೈಂಡು ಮಾಡಿಸಿಕೊಂಡು ಹೋಗಿದ್ದ ಅರವತ್ತು ಪುಸ್ತಕಗಳು ಚೀಲಗಳಲ್ಲಿ ವಾಪಸು ಬಂದಿದ್ದವು. ಅಂಟು ಬಿದ್ದ ಕಡೆಯೆಲ್ಲ ಜರಡಿ.

ಮಾತು ಗೋಡೆಗಾದರೂ ಬೈಂಡಿಂಗ್ ಅಂಗಡಿಯ ಅಷ್ಟೂ ಜನರ ಕಣ್ಣು ಹಿಂಬದಿಯ ಒಲೆಯ ಕಡೆ ಹೊರಳಿತು. ಅಲ್ಲಿ ಅಂಟಕ್ಕ ಸೌಟು ಹಿಡಿದು ನಿಂತಿದ್ದಳು. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಹಿಟ್ಟು ಕದಡಿ, ಗಂಟಾಗದಂತೆ ಕಾಸಿ, ಇಳಿಸಿ, ಅದಕ್ಕೆ ಮೈಲುತುತ್ತದ ಪುಡಿ ಬೆರೆಸುವ ಕೆಲಸ ಅವಳದು. ಆ ನೀಲಿ ಪುಡಿ ವಿಷ. ಅದು ಬಿದ್ದ ಅಂಟನ್ನು ಹುಳ ಮುಟ್ಟುವುದಿಲ್ಲ, ಮುಟ್ಟಿದರೆ ಉಳಿಯುವುದಿಲ್ಲ. ಅಂಟು ಕಾಸುತ್ತ ಕಾಸುತ್ತ ಅವಳ ನಿಜವಾದ ಹೆಸರು ಎಲ್ಲರ ಬಾಯಿಂದ ಜಾರಿಹೋಗಿತ್ತು.

ಯಜಮಾನರು ಕೂಗಾಡುವವರಲ್ಲ. ಪುಡಿಯನ್ನು ತೋಟದವರಿಗೆ ಮಾರಿಕೊಂಡಳೋ, ಸೋಮಾರಿತನಕ್ಕೆ ಹಾಕದೆ ಬಿಟ್ಟಳೋ, ತನಗೆ ಬೇಡದ ವಿಷಯ, ನಾಳೆಯಿಂದ ಬರುವುದು ಬೇಡ ಎಂದರು. ಅಂಟಕ್ಕ ಸೌಟು ಕೆಳಗಿಟ್ಟಳು. ಒಂದೊಂದು ಪೊಟ್ಟಣವನ್ನೂ ಎಲ್ಲರ ಕಣ್ಣೆದುರೇ ಸುರಿದಿದ್ದೇನೆ, ಬೀರುವಿನ ಬೀಗದಕೈ ಮೇಸ್ತ್ರಿಯ ಹತ್ತಿರ ಇರುವುದು, ಅಳೆದು ಪೊಟ್ಟಣ ಕಟ್ಟಿಕೊಡುವವನೂ ಅವನೇ, ಕೇಳಿ ಬೇಕಾದರೆ ಎಂದಳು. ಹೇಳಿ ಮೇಸ್ತ್ರಿಯ ಮುಖ ನೋಡಿದಳು.

ಮೇಸ್ತ್ರಿ ಪುಸ್ತಕ ಹೊಲಿಯುವ ಚೌಕಟ್ಟಿನ ಮುಂದೆ ಕೂತಿದ್ದ.

"ನಾನು ದಿನಾ ಅಳೆದು ಕೊಡ್ತಿದ್ದೆ," ಎಂದ. ಅಷ್ಟೇ. ಸೂಜಿಗೆ ದಾರ ಪೋಣಿಸುವ ನೆವದಲ್ಲಿ ತಲೆ ತಗ್ಗಿಸಿದ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಳೆದು ಕೊಡುತ್ತಿದ್ದುದು ನಿಜ. ಆದರೆ ಎರಡು ವರ್ಷದಿಂದ ಕೊಡುತ್ತಿದ್ದುದು ಮೈಲುತುತ್ತವಲ್ಲ, ಬಿಳಿ ಬಟ್ಟೆ ಒಗೆಯುವಾಗ ಹಾಕುವ ನೀಲಿ ಪುಡಿ.

ಮೇಸ್ತ್ರಿ ಕೆಟ್ಟವನಲ್ಲ. ಹಾಗೆಂದು ಬೀದಿಯೆಲ್ಲ ಹೇಳುತ್ತಿತ್ತು, ಎಡವಟ್ಟಾದದ್ದೂ ಅಲ್ಲೇ. ತಾಯಿಯ ತೊಡೆಯ ಮೇಲೆ ಮಲಗಿ ಪದ್ಯ ಕೇಳಿ ಬೆಳೆದವನು. ವಾರಕ್ಕೊಮ್ಮೆ ಬೀದಿಯ ಕೊನೆಯ ಓದುಮನೆಯಲ್ಲಿ ಹಿರಿಯರೊಬ್ಬರು ಪದ್ಯ ಹಾಡಿ ಅರ್ಥ ಹೇಳುವಾಗ ಕಂಬಕ್ಕೊರಗಿ ಕೂತು, ತುಟಿಯಲ್ಲೇ ದನಿಗೂಡಿಸುತ್ತಿದ್ದ. ಅಂಗಡಿಯಲ್ಲಿ ಹಳೆಯ ಪುಸ್ತಕ ಬಿಚ್ಚುವಾಗ ಹುಳ ಸಿಕ್ಕರೆ ಮೆತ್ತನೆಯ ಕುಂಚದಿಂದ ಡಬ್ಬಿಗೆ ಎತ್ತಿಕೊಂಡು, ಊಟದ ಬಿಡುವಿನಲ್ಲಿ ಹಿತ್ತಲಿನ ಸೌದೆಯ ಮೇಲೆ ಬಿಟ್ಟು ಬರುತ್ತಿದ್ದ. ರಟ್ಟು ಕೊಯ್ಯುವವನು ಇವನನ್ನು ಹುಳುಗಳ ಸೋದರಮಾವ ಎಂದು ಛೇಡಿಸುತ್ತಿದ್ದ. ಮೇಸ್ತ್ರಿ ನಕ್ಕು ಸುಮ್ಮನಾಗುತ್ತಿದ್ದ. ಆ ಹೆಸರು ಅವನಿಗೆ ಒಳಗೊಳಗೇ ರುಚಿಸುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಸಂಜೆ ಹಿರಿಯರು ಯಾವ ಜೀವವನ್ನೂ ನೋಯಿಸದೆ ಬಾಳುವ ಬಗೆ ಹೇಳುತ್ತ, ಅಂಥವರು ನಮ್ಮ ನಡುವೆಯೇ ಇದ್ದಾರಲ್ಲ ಎಂದು ಇವನತ್ತ ಕೈ ತೋರಿದರು. ಕೂತವರೆಲ್ಲ ತಿರುಗಿ ನೋಡಿದರು. ಮರುದಿನ ಬೀರು ತೆಗೆದು ಮೈಲುತುತ್ತ ಅಳೆಯಹೋದರೆ ಮೇಸ್ತ್ರಿಗೆ ಕೈ ಬರಲಿಲ್ಲ. ಇರುವೆಗೂ ದಾರಿ ಬಿಡುವವನು ದಿನಾ ಇಷ್ಟಿಷ್ಟು ಸಾವನ್ನು ಚಮಚದಲ್ಲಿ ಅಳೆದು ಕೊಡುವುದೇ? ಯಜಮಾನರಿಗೆ ಹೇಳಿದ್ದರೆ ಬೀಗದಕೈ ಬೇರೆಯವರಿಗೆ ಹೋಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಬೇರೆ ಕೈಯಿಂದ ಆದರೂ ಕೊಲೆ ಕೊಲೆಯೇ ಅಲ್ಲವೇ ಎಂದು ತನಗೆ ತಾನೇ ವಕೀಲನಾಗಿ, ಮನೆಯಿಂದ ನೀಲಿ ತಂದು ಪೊಟ್ಟಣ ಕಟ್ಟಿದ. ಅಂಟಿನ ಬಣ್ಣ ಎಂದಿನಂತೆಯೇ ಬಂತು. ಆ ವಾರದ ಪದ್ಯವಂತೂ ಅವನಿಗೆ ತನ್ನನ್ನೇ ಕುರಿತು ಹಾಡಿದಂತೆ ಕೇಳಿಸಿತು.

ಅಂಟಕ್ಕ ಹೊರಬಿದ್ದ ದಿನ ಸಂಜೆ ಅವನು ಊಟ ಬೇಡವೆಂದ. ಅಂಗಡಿಯ ಸುದ್ದಿ ಆಗಲೇ ಬೀದಿ ಸುತ್ತಿ ಹೆಂಡತಿಯ ಕಿವಿ ಮುಟ್ಟಿತ್ತು. ಅವಳು ಬಟ್ಟೆ ಹಿಂಡುತ್ತಿದ್ದಳು.

"ರೀ, ನಮ್ಮನೇಲಿ ಇರೋದು ನಾಲ್ಕು ಬಿಳಿ ಬಟ್ಟೆ. ಎರಡು ವರ್ಷದಿಂದ ತಿಂಗಳಿಗೆ ಮೂರು ಡಬ್ಬಿ ನೀಲಿ ಖಾಲಿಯಾಗ್ತಿದೆ. ಯಾರು ಕುಡೀತಿದ್ದಾರೆ ಅಂತ ನಾನು ಕೇಳಲಾ, ನೀವೇ ಹೇಳ್ತೀರಾ?"

ಅವನು ನೀರಿನ ಬಕೆಟ್ಟನ್ನು ಗೋಡೆಯತ್ತ ಸರಿಸಿದ. ಅವಳು ಮತ್ತೆ ಕೇಳಲಿಲ್ಲ; ಕೇಳಿದ್ದರೆ ವಾಸಿಯಿತ್ತು. ಅವನ ಅಂಗಿಯನ್ನು ಝಾಡಿಸಿ ಹಗ್ಗಕ್ಕೆ ಹಾಕಿ, ಅವನ ಪಕ್ಕದಿಂದ ಸರಿದು ಒಳಗೆ ಹೋದಳು.

ಆಮೇಲೆ ಹತ್ತು ದಿನ ಮೇಸ್ತ್ರಿಯ ಬಾಯಿಗೆ ಬೀಗ. ಒಲೆಯ ಹತ್ತಿರ ಹೊಸಬಳೊಬ್ಬಳು ಗಂಟುಗಂಟಾದ ಅಂಟು ಕಾಸುತ್ತಿದ್ದಳು. ಇವನು ಈಗ ನಿಜವಾದ ಮೈಲುತುತ್ತವನ್ನೇ ಅಳೆದು ಕೊಡುತ್ತಿದ್ದ. ಕೈ ನಡುಗುತ್ತಲೂ ಇರಲಿಲ್ಲ. ಅದನ್ನು ಕಂಡಾಗ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಹುಳದ ಮೇಲಿನ ಕರುಣೆ ಅಷ್ಟು ಬೇಗ ಎಲ್ಲಿಗೆ ಹೋಯಿತು? ಇತ್ತೇ ಮೊದಲು?

ಹತ್ತನೆಯ ದಿನ ಓದುಮನೆ. ಆ ಸಂಜೆ ಹಿರಿಯರು ಹೇಳಿದ್ದು ಬೇರೆಯೇ. ಯಾರನ್ನೂ ನೋಯಿಸದವನು ನಾನು ಎಂದು ಎದೆಯೊಳಗೆ ಒಬ್ಬ ಕೂತು ಹೇಳುತ್ತಿರುತ್ತಾನೆ, ಅವನನ್ನು ನಂಬಬೇಡಿ, ಕೂತಲ್ಲಿಂದಲೇ ಕಾಲು ಚಾಚಿ ಅವನು ಯಾರನ್ನು ತುಳಿಯುತ್ತಿದ್ದಾನೆ ನೋಡಿ, ಅವನು ಬರೀ ಅಹಂಕಾರ, ನಿಮ್ಮೊಳಗಿನ ಜೀವ ಅವನಲ್ಲ ಎಂದರು. ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪಾಪ, ಹಿರಿಯರಿಗೆ ಏನು ಗೊತ್ತು? ಮಾತು ಮುಗಿಸಿ ಇವನ ಕಡೆ ತಿರುಗಿ, ಬರುವ ವಾರ ನೀವು ನಾಲ್ಕು ಮಾತಾಡಬೇಕು, ನಿಮ್ಮ ಆ ಹುಳದ ಡಬ್ಬಿಯ ವಿಷಯ ಎಲ್ಲರೂ ಕೇಳಲಿ ಎಂದರು. ಹತ್ತಾರು ಜನ ತಲೆಯಾಡಿಸಿದರು. ಮೇಸ್ತ್ರಿ ಕಂಬ ಹಿಡಿದು ಎದ್ದು ಹೊರಗೆ ನಡೆದುಬಿಟ್ಟ.

ಬೆಳಿಗ್ಗೆ ಅಂಗಡಿಯಲ್ಲಿ ಎಲ್ಲರೂ ಬಂದು ಕೂತ ಮೇಲೆ ಯಜಮಾನರ ಮೇಜಿನ ಮುಂದೆ ನಿಂತು, ಬಿಡಿಬಿಡಿಯಾಗಿ ಹೇಳಿದ. ನೀಲಿಯ ಡಬ್ಬಿ, ಪೊಟ್ಟಣ, ಎರಡು ವರ್ಷ, ಅವತ್ತು ಆಡಿದ ಅರ್ಧ ಮಾತು. ಕತ್ತರಿಯ ಸದ್ದು ನಿಂತಿತು. ಯಜಮಾನರು ಹುಳುಗಳಿಗೆ ಅರವತ್ತು ಪುಸ್ತಕದ ಔತಣ ಹಾಕಿಸಿದೆಯಲ್ಲಯ್ಯಾ ಎಂದು ನಕ್ಕೇಬಿಟ್ಟರು. ಹೊಡೆದಿದ್ದರೆ ಬೆನ್ನು ಕೊಡಬಹುದಿತ್ತು. ರಟ್ಟು ಕೊಯ್ಯುವವನು ಮಾತ್ರ ನಗಲಿಲ್ಲ. ಅಂದಿನಿಂದ ಸೋದರಮಾವ ಎಂದು ಕರೆಯಲೂ ಇಲ್ಲ. ಯಜಮಾನರು ಬೀಗದಕೈ ಇಸಿದುಕೊಂಡು, ಹೋಗಿ ಅವಳನ್ನು ಬರಹೇಳು ಎಂದರು.

ಅಂಟಕ್ಕನದು ಮಹಡಿಯ ಮೇಲಿನ ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು. ನೆಲದ ತುಂಬ ಕಾಗದ ಹರಡಿಕೊಂಡು, ದಿನಸಿ ಅಂಗಡಿಯವರಿಗೆ ಕೊಡುವ ಚೀಲಗಳನ್ನು ಅಂಟಿಸುತ್ತಿದ್ದಳು. ಅವನು ಹೊಸ್ತಿಲ ಹೊರಗೇ ಕುಕ್ಕುರುಗಾಲಲ್ಲಿ ಕೂತು ಎರಡನೆಯ ಸಲ ಅದನ್ನೆಲ್ಲ ಹೇಳಿದ. ಈ ಸಲ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ಅವಳ ಕೈ ನಿಲ್ಲಲಿಲ್ಲ. ಮಡಿಸುವುದು, ಹಚ್ಚುವುದು, ಒತ್ತುವುದು.

"ಹಂಗಾದ್ರೆ ಆ ಮೈಲುತುತ್ತ ಎಲ್ಲಿಗೆ ಹೋಯ್ತು ಮೇಸ್ತ್ರಿಗಳೇ? ದಿನಾ ಅಷ್ಟು ಖರ್ಚಾಗ್ಲೇಬೇಕಲ್ಲ."

ಹದಿನೆಂಟು ವರ್ಷ ಏನೋ ತಮ್ಮಾ ಎಂದು ಕರೆದವಳು ಇಂದು ಮೇಸ್ತ್ರಿಗಳೇ ಎಂದದ್ದು ಅವನಿಗೆ ಚುರುಕ್ಕೆಂದಿತು.

"ಹಿತ್ತಲ ಚರಂಡಿಗೆ ಸುರೀತಿದ್ದೆ ಅಕ್ಕಾ."

"ಚರಂಡೀಲಿ ಕಪ್ಪೆ, ಎರೆಹುಳ ಇರಲಿಲ್ವಾ? ಅವು ಪುಸ್ತಕ ಓದಲ್ಲ ಅಂತ ಲೆಕ್ಕಕ್ಕೆ ತಗೊಳ್ಳಲಿಲ್ವೋ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಆ ಚರಂಡಿಯನ್ನು ಬಗ್ಗಿ ನೋಡಿರಲಿಲ್ಲ. ಯಜಮಾನರು ಬರಹೇಳಿದ್ದಾರೆ ಎಂದು ನೆಲಕ್ಕೆ ಹೇಳಿದ. ಎಲ್ಲರೆದುರು ಕಳಿಸಿದವರು ಎಲ್ಲರೆದುರೇ ಕರೆಯಲಿ, ಆಗ ಬರುತ್ತೇನೆ ಎಂದಳು ಅವಳು. ಹಾಗೇ ಮಾಡಿಸುತ್ತೇನೆ ಎಂದು ಇವನು ಒಪ್ಪಿಕೊಂಡ. ಅಲ್ಲಿಗೆ ಎದ್ದು ಬರಬಹುದಿತ್ತು.

ಏಳಲಿಲ್ಲ.

"ಅಕ್ಕಾ, ಅವತ್ತಿಂದ ಒಂದು ಪದ್ಯಾನೂ ಬಾಯಿಗೆ ಬರ್ತಿಲ್ಲ. ಅರ್ಧಕ್ಕೇ ನಿಂತುಹೋಗುತ್ತೆ. ಕ್ಷಮಿಸಿದೀನಿ ಅಂತ ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು. ಇನ್ನೇನೂ ಕೇಳಲ್ಲ."

ಅಂಟಕ್ಕ ಕೈಯಲ್ಲಿದ್ದ ಚೀಲದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಅದು ಹಿಡಿಯುವವರೆಗೂ ಹಾಗೇ ಹಿಡಿದುಕೊಂಡಳು. ಮೊದಲ ಸಲ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಹುಳಾನ ಉಳಿಸಿದ್ದು ನೀವು ದೊಡ್ಡೋರಾಗಕ್ಕೆ. ಈಗ ಮೆಟ್ಟಿಲು ಹತ್ತಿ ಬಂದಿರೋದು ನೀವು ಹಗುರ ಆಗಕ್ಕೆ," ಎಂದಳು. "ನನ್ನ ಪಾಲಿಗೆ ಇದ್ರಲ್ಲಿ ಏನಿದೆ?"

"ಒಂದೇ ಮಾತು ಅಕ್ಕಾ."

"ಹೇಳಲ್ಲ."