ಅಚ್ಚಿಗೆ ಹೊಯ್ದ ಭಾಷಣ

೧
ಎಲ್ಲಿಂದ ಶುರು ಮಾಡಲಿ? ಹೈಟಿಯಿಂದ ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಚಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ ನಡೆದ ನಮ್ಮ ಕನ್ನಡ ಸಂಘದ ಸಂಕ್ರಾಂತಿಯಿಂದ ಮಾಡಿದರೆ ಊಟಕ್ಕೆ ಏನಿತ್ತು ಎಂದು ಕೇಳುತ್ತೀರಿ. (ಬಿಸಿಬೇಳೆಬಾತ್. ತಣ್ಣಗಿತ್ತು.)

೨
ಮೊದಲ ಡ್ರಾಫ್ಟ್: 'ಹೊರಗೆ ಮೈನಸ್ ಹತ್ತು ಡಿಗ್ರಿ ಚಳಿ, ಒಳಗೆ ರೇಷ್ಮೆ ಸೀರೆಗಳ ಸರಭರ...' ಥೂ! ಹೊಡೆದುಹಾಕಿದೆ. ನನಗೆ ಮೈಯೆಲ್ಲ ಉರಿಯುತ್ತಿರುವಾಗ ಸೀರೆ ಯಾಕೆ ವರ್ಣಿಸಲಿ?

೩
ನಮ್ಮ ಸಂಘದ ಹುಡುಗಿ ಇಳಾಗೆ ಹದಿನಾರು. ಇಲ್ಲೇ ಹುಟ್ಟಿದವಳು; ಕನ್ನಡ ಮಾತು ಅರೆಬರೆ, ಓದಲು ಬಾರದು. ಎಳ್ಳುಬೆಲ್ಲದ ಜೊತೆ ಹಂಚುವ ಸಕ್ಕರೆ ಅಚ್ಚಿನ ಬಗ್ಗೆ ವೇದಿಕೆಯಲ್ಲಿ ಮೂರು ನಿಮಿಷ ಮಾತಾಡು ಎಂದಿದ್ದರು. ಅವಳು ಅಚ್ಚು ಬಿಟ್ಟು ಸಕ್ಕರೆಯ ಬಗ್ಗೆ ಬರೆದಳು, ಇಂಗ್ಲಿಷಿನಲ್ಲಿ. ಕೆರಿಬಿಯನ್ ದ್ವೀಪ ಹೈಟಿಯ ಕಬ್ಬಿನ ತೋಟಗಳಲ್ಲಿ ಫ್ರೆಂಚರು ಆಫ್ರಿಕಾದ ಗುಲಾಮರನ್ನು ಚಾಟಿಯಲ್ಲಿ ಹೊಡೆದು ದುಡಿಸಿದರು. ಗಾಣಕ್ಕೆ ಕೈ ಸಿಕ್ಕಿದರೆ ಗಾಣ ನಿಲ್ಲಿಸುತ್ತಿರಲಿಲ್ಲ, ಕೈ ಕಡಿಯುತ್ತಿದ್ದರು. ೧೭೯೧ರಲ್ಲಿ ಆ ಗುಲಾಮರು ತೋಟಗಳಿಗೆ ಬೆಂಕಿಯಿಟ್ಟರು. ಹದಿಮೂರು ವರ್ಷ ಹೋರಾಡಿ ಸ್ವತಂತ್ರರಾದರು. ಚಿಕಾಗೊದಲ್ಲಿ ಮೊದಲು ನೆಲೆಸಿದ ಹೊರಗಿನವನೂ ಆ ದ್ವೀಪದವನೇ ಎನ್ನುತ್ತಾರೆ. ಸರೋವರ ನೋಡಲು ನಾವು ಹೋಗುವುದು ಅವನ ಹೆಸರಿನ ರಸ್ತೆಯಲ್ಲೇ.

ಇದನ್ನು ಕನ್ನಡಕ್ಕೆ ತರುವ ಕೆಲಸ ಸಂಘದ ಆಸ್ಥಾನ ಕಥೆಗಾರ ದ್ವಾರಕಾನಾಥನಿಗೆ ಬಿತ್ತು. (ಹೌದು, ನಾನೇ.)

೪
ಸಾಂಸ್ಕೃತಿಕ ಕಾರ್ಯದರ್ಶಿ ರೇಣು ಫೋನ್ ಮಾಡಿದರು. "ಹಬ್ಬದ ದಿನ ಚಾಟಿ, ರಕ್ತ ಎಲ್ಲ ಯಾಕ್ರೀ? ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ? ಸ್ವಲ್ಪ ಸಾಫ್ಟ್ ಮಾಡಿ."

ಮಾಡಿದೆ. ಗುಲಾಮರು 'ಶ್ರಮಜೀವಿಗಳು' ಆದರು. ಚಾಟಿ 'ಕಷ್ಟಕಾರ್ಪಣ್ಯ' ಆಯಿತು. ಬೆಂಕಿ 'ಸ್ವಾತಂತ್ರ್ಯದ ಜ್ಯೋತಿ'. ಕಡಿದ ಕೈಯನ್ನು ಬಿಟ್ಟೇಬಿಟ್ಟೆ. ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆ ನನ್ನಂಥವರಿಗೇ ಮಾಡಿದ್ದು. ಆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇಳಾಗೆ ಕಳಿಸಿದೆ. ಹುಡುಗಿ ಎರಡು ವಾರ ಉರು ಹೊಡೆದಳು, ಪ್ರತಿಯೊಂದು ಮಾತೂ ತನ್ನದೇ ಎಂದು ನಂಬಿ.

೫
ಅಂತ್ಯ ಒಂದು: ಎಲ್ಲರೂ ಚಪ್ಪಾಳೆ ತಟ್ಟಿದರು. (ನಿಜವಾಗಿ ನಡೆದದ್ದು ಇದೇ. ಇದಕ್ಕಿಂತ ಕೆಟ್ಟ ಅಂತ್ಯ ನನಗೆ ಬರೆಯಲು ಬರುವುದಿಲ್ಲ.)

ವೇದಿಕೆ ಇಳಿದವಳ ಕೈಗೆ ರೇಣು ಸಕ್ಕರೆಯ ಆನೆ ಇಟ್ಟರು. "ಸೋ ಸ್ವೀಟ್ ಕಣೇ!"

ಇಳಾ ನೇರ ನನ್ನ ಹತ್ತಿರ ಬಂದಳು. "ಅಂಕಲ್, ವೈ ಆರ್ ದೇ ಸ್ಮೈಲಿಂಗ್? ಐ ಟೋಲ್ಡ್ ದೆಮ್ ಅಬೌಟ್ ದ ಹ್ಯಾಂಡ್ಸ್."

ನಾನು ಊಟದ ಕ್ಯೂ ಕಡೆ ನೋಡಿದೆ.

೬
ಅಂತ್ಯ ಎರಡು: ನಾನು ಓಡಿಹೋಗಿ ಮೈಕ್ ಹಿಡಿದು ಸತ್ಯ ಹೇಳುತ್ತೇನೆ—

ಅಷ್ಟರಲ್ಲಿ ಕಥೆಯೊಳಗಿನ ಇಳಾ ಅಡ್ಡ ಬಂದಳು. "ನೋ. ನೀವು ಹೀರೋ ಆಗ್ಬೇಡಿ. ಇಟ್ಸ್ ಮೈ ಸ್ಪೀಚ್."

"ಕ್ಷಮೆ ಆದ್ರೂ ಕೇಳ್ಲಾ?"

"ಅದನ್ನೂ ಸಾಫ್ಟ್ ಮಾಡ್ತೀರಾ?"

೭
ಮೂರನೆಯದನ್ನು ಬರೆಯುವುದಿಲ್ಲ. ನಿಮಗೆ ಸಮಾಧಾನ ಬೇಕಿದ್ದರೆ ಅಡುಗೆಮನೆಗೆ ಹೋಗಿ, ಡಬ್ಬಿ ತೆಗೆದು, ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ.

ಕಥೆಯ ಹೊರಗಿನ ಇಳಾ ಭಾಷಣದ ವಿಡಿಯೋ ಹಾಕಿಕೊಂಡು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪದದ ಅರ್ಥ ಕೇಳುತ್ತಿದ್ದಾಳಂತೆ. ಈಗಷ್ಟೇ ಅವಳ ಮೆಸೇಜ್ ಬಂತು: 'ಅಂಕಲ್, ವಾಟ್ ಈಸ್ ಶ್ರಮಜೀವಿ?'

ಮೂರು ಸಲ ಟೈಪ್ ಮಾಡಿ ಅಳಿಸಿದ್ದೇನೆ.