ಮೇಜಿನ ಕೆಳಗೆ ಕೈ

"ತಡಿಯೇ ನಾತದ ಮುಂಡೆ, ನಿನ್ನ ವಾಸ್ನೆ ಕುರ್ಚಿಗೆ ಹತ್ಕೊಂಡ್ರೆ ನಾಳೆ ನಾನೆಲ್ಲಿ ಕೂರ್ಲಿ?" ಎನ್ನುತ್ತ ಮೇಸ್ತ್ರಿ ಕುರ್ಚಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ.

ಸೊಸೆ ಆ ಹಾಳೆಯ ಮೇಲೆ ಕೂತಳು. ಬೆಳಗಿನಿಂದ ಸುಣ್ಣದ ತೊಟ್ಟಿಯಲ್ಲಿ ನೆನೆದ ತೊಗಲಿನ ಕೂದಲು ಕೆರೆದವಳು. ಎಷ್ಟು ಸೋಪು ಉಜ್ಜಿದರೂ ಆ ಹಾಳು ವಾಸನೆ ಬಿಟ್ಟರೆ ತಾನೆ? ಪಕ್ಕದಲ್ಲಿ ನೆಲದ ಮೇಲೆ ಅತ್ತೆ ಕೂತಿದ್ದಳು. ಸೊಸೆಯ ಪರೀಕ್ಷೆ ಮುಗಿದ ಮೇಲೆ ಅವಳ ಸರದಿ.

ತೊಗಲಿನ ಕಾರ್ಖಾನೆಯ ಹೆಂಗಸರಿಗೆ ಓದುಬರಹ ಕಲಿಸುತ್ತೇನೆಂದು ಧಣಿ ಆಫೀಸಿನಲ್ಲೊಂದು ಕಂಪ್ಯೂಟರ್ ಇಡಿಸಿದ್ದ. ಎಲ್ಲೋ ದೂರದ ಊರಿನಲ್ಲಿದ್ದ ಮೇಡಮ್ ಅದರಲ್ಲಿ ಬಂದು ಪಾಠ ಹೇಳುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಮೊದಲ ದಿನ ಸೊಸೆ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಎಳೆದುಕೊಂಡಿದ್ದಳು. ಯಾಕಮ್ಮಾ ಅಷ್ಟು ದೂರ ಎಂದು ಮೇಡಮ್ ಕೇಳಿದ್ದಕ್ಕೆ, ನಿಮಗೆ ವಾಸನೆ ಬಡಿದೀತು ಅಂತ, ಎಂದುಬಿಟ್ಟಿದ್ದಳು. ಬೇರೆ ಬೇರೆ ಊರುಗಳಿಂದ ಅದೇ ಪರದೆಯಲ್ಲಿ ಪಾಠ ಕಲಿಯುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತ್ತು ಅವಳಿಗೆ. ಆದರೂ ಒಂದು ದಿನ ತಪ್ಪಿಸದೆ ಬಂದಳು, ಭಂಡಿ.

ಇವತ್ತು ಬಾಯಿಮಾತಿನ ಪರೀಕ್ಷೆ. ಪಾಸಾದರೆ ತೊಟ್ಟಿ ಬಿಟ್ಟು ತೂಕದ ಕೋಣೆಗೆ ಹೋಗಬಹುದು. ಅಲ್ಲಿ ಸುಣ್ಣವಿಲ್ಲ, ಫ್ಯಾನು ಬೇರೆ ಇದೆ. ಆ ಆಸೆಗೆ ಅವಳಿಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ.

ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದರು ಮೇಡಮ್. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ಕಣ್ಣು ಕೆಕ್ಕರಿಸಿದ. ಏನು ಹೇಳಬೇಕೆಂದು ಅವನು ನಿನ್ನೆಯೇ ಬಾಯಿಪಾಠ ಮಾಡಿಸಿದ್ದ. ನಮಗೆ ಕೈಗವಸು ಕೊಡ್ತಾರೆ, ಬೂಟು ಕೊಡ್ತಾರೆ, ಧಣಿಗಳು ದೇವರಂಥೋರು, ಎಂದು ಸೊಸೆ ಗಿಳಿಪಾಠ ಒಪ್ಪಿಸಿದಳು. ಕೈಗಳನ್ನು ಮಾತ್ರ ಮೇಜಿನ ಕೆಳಗೆ ಅವಿತಿಟ್ಟಿದ್ದಳು.

"ಬಹಳ ಚೆನ್ನಾಗಿ ಹೇಳಿದ್ರಿ. ಪಾಸು," ಎಂದರು ಮೇಡಮ್.

ಥೂ, ಅದೂ ಒಂದು ಪಾಸೇ. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಬೈಯಲಿಲ್ಲ, ಮುಖ ಕೂಡ ಎತ್ತಲಿಲ್ಲ. ಸುಣ್ಣಕ್ಕೆ ಸುಟ್ಟು ಸವೆದು ಬೆರಳ ತುದಿಗಳೇ ಇಲ್ಲದ ತನ್ನ ಕೈಗಳನ್ನು, ತಪ್ಪೆಲ್ಲ ತನ್ನದೇ ಅನ್ನುವ ಹಾಗೆ, ಮೆಲ್ಲಗೆ ಮಡಿಲೊಳಗೆ ಎಳೆದುಕೊಂಡಳು. ಸೊಸೆ ಜ್ವರ ಬಂದು ಮಲಗಿದಾಗಲೆಲ್ಲ ಅವಳ ಪಾಲಿನ ತೊಗಲನ್ನೂ ಕೆರೆದ ಕೈಗಳು ಅವು. ಸೊಸೆಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಊರೂರಿನವರು ನಕ್ಕಾಗಲೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಏಳು, ಮುಂದಿನವಳು ಬರಲಿ ಎಂದು ಮೇಸ್ತ್ರಿ ಸನ್ನೆ ಮಾಡಿದ. ಅವಳು ಏಳಲಿಲ್ಲ.

"ಮೇಡಮ್, ನಾ ಹೇಳಿದ್ದು ಸುಳ್ಳು. ಕೈಗವಸು ಹೆಂಗಿರತ್ತೆ ಅಂತ್ಲೇ ನಮಗೆ ಗೊತ್ತಿಲ್ಲ. ನೋಡಿ."

ಉಗುರು ಕಳಚಿ ಹಸಿ ಗಾಯವಾಗಿದ್ದ ಎರಡೂ ಕೈಗಳನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮೇಡಮ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಸ್ತ್ರಿ ಹಾರಿ ಬಂದು ವೈರು ಕಿತ್ತ. ಪರದೆ ಕಪ್ಪಾಯಿತು.

"ಬೇವರ್ಸಿ ಮುಂಡೆ, ತಿನ್ನೋ ಅನ್ನಕ್ಕೆ ಮಣ್ಣು ಹಾಕ್ಕೊಂಡ್ಯಲ್ಲೇ. ತೂಕದ ಕೋಣೆ ಇರ್ಲಿ, ನಾಳೆಯಿಂದ ಗೇಟಿನ ಹತ್ರ ಕಾಣಿಸ್ಕೊಂಡ್ರೆ ಕಾಲು ಮುರೀತೀನಿ."

ಅತ್ತೆ ಗೋಡೆ ಹಿಡಿದುಕೊಂಡು ಎದ್ದಳು. ಸೊಸೆಯ ಭುಜ ಮುಟ್ಟಿ ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತಳು. ಮೋಟು ಬೆರಳುಗಳ ಕೈ ಎರಡನ್ನೂ ಮೇಜಿನ ಮೇಲಿಟ್ಟಳು.

"ವೈರು ಹಾಕಪ್ಪಾ," ಎಂದಳು ಮೇಸ್ತ್ರಿಗೆ. "ನನ್ನ ಪರೀಕ್ಷೆ ಇನ್ನೂ ಆಗಿಲ್ಲ."